ಗಂಡಸಿನ ದೇಹ – ನಾವೂ ತಿಳಿಯೋಣ



ಈ ಪಾಠದ ಹೆಸರು ನೋಡಿ ನಗು ಬರಬಹುದು. ನಾಚಿಕೆಯೂ ಆಗಬಹುದು. "ಹೆಂಗಸರ ಪುಸ್ತಕದಲ್ಲಿ ಗಂಡಸರ ಮಾತು ಯಾಕೆ?" ಅಂತ ಕೇಳಬಹುದು.

ಯಾಕೆ ಅಂದರೆ, ಗಂಡುಮಗುವಿಗೆ ಸ್ನಾನ ಮಾಡಿಸುವವರು ನಾವು. ಅವನ ಬಟ್ಟೆ ಒಗೆಯುವವರು ನಾವು. ಮಗನಿಗೆ ನೋವಾದರೆ ಮೊದಲು ನೋಡುವವರು ನಾವು. ಮಕ್ಕಳಾಗದಿದ್ದರೆ ಮಾತು ಕೇಳುವವರೂ ನಾವೇ. ಇಷ್ಟೆಲ್ಲ ನಮ್ಮ ಮೇಲೆ ಇರುವಾಗ ಆ ದೇಹದ ವಿಷಯ ನಮಗೆ ಗೊತ್ತಿರಬೇಡವೇ?

ಕಣ್ಣು ನೋವಾದರೆ ಹೇಳುತ್ತೇವೆ. ಕಿವಿ ಸೋರಿದರೆ ಹೇಳುತ್ತೇವೆ. ಈ ಒಂದು ಜಾಗದ ನೋವು ಮಾತ್ರ ಹೇಳುವುದಿಲ್ಲ. ಮುಚ್ಚಿಟ್ಟ ನೋವು ದೊಡ್ಡದಾಗುತ್ತದೆ. ಹೊತ್ತಿಗೆ ಸರಿಯಾಗಿ ಹೇಳಿದರೆ ವಾಸಿಯಾಗುತ್ತದೆ. ಈ ಪಾಠದ ಮುಖ್ಯ ಮಾತು ಇದೇ.

ಹೊರಗೆ ಕಾಣುವ ಭಾಗಗಳು

ಗಂಡಸಿಗೆ ಹೊರಗೆ ಎರಡು ಮುಖ್ಯ ಭಾಗಗಳಿವೆ. ಒಂದು ಶಿಶ್ನ. ಇನ್ನೊಂದು ಬೀಜದ ಚೀಲ.

ಶಿಶ್ನದಲ್ಲಿ ಮೂಳೆ ಇಲ್ಲ. ಒಳಗೆ ಸ್ಪಂಜಿನಂಥ ಮಾಂಸ ಇದೆ. ಅದರ ನಡುವೆ ಒಂದು ನಳಿಕೆ. ಉಚ್ಚೆ ಹೊರಗೆ ಬರುವುದು ಈ ನಳಿಕೆಯಿಂದ. ದೊಡ್ಡವರಾದ ಮೇಲೆ ವೀರ್ಯ ಬರುವುದೂ ಇದರಿಂದಲೇ. ಆದರೆ ಎರಡೂ ಒಟ್ಟಿಗೆ ಬರುವುದಿಲ್ಲ. ಒಂದು ಬರುವಾಗ ಇನ್ನೊಂದರ ದಾರಿ ಮುಚ್ಚಿರುತ್ತದೆ.

ಶಿಶ್ನದ ತುದಿ ಬಹಳ ಮೃದು. ಅದನ್ನು ಕಾಪಾಡಲು ಮೇಲೆ ಒಂದು ಚರ್ಮ ಇದೆ. ಅದಕ್ಕೆ ಮುಂದೊಗಲು ಅಂತಾರೆ. ಕಣ್ಣಿಗೆ ರೆಪ್ಪೆ ಇದ್ದ ಹಾಗೆ ತುದಿಗೆ ಮುಂದೊಗಲು.

ಬೀಜದ ಚೀಲದಲ್ಲಿ ಎರಡು ಬೀಜಗಳಿರುತ್ತವೆ. ಪುಸ್ತಕದಲ್ಲಿ ಇದನ್ನು ವೃಷಣ ಅಂತ ಬರೆಯುತ್ತಾರೆ. ದೊಡ್ಡವರಲ್ಲಿ ಒಂದೊಂದು ಬೀಜ ದೊಡ್ಡ ಬೆಟ್ಟದ ನೆಲ್ಲಿಕಾಯಿಯಷ್ಟು ಇರುತ್ತದೆ. ಒಂದು ಸ್ವಲ್ಪ ಕೆಳಗೆ, ಒಂದು ಸ್ವಲ್ಪ ಮೇಲೆ ಇರುವುದು ಸಹಜ. ಹೆಚ್ಚಿನವರಲ್ಲಿ ಎಡಗಡೆಯದು ಕೆಳಗಿರುತ್ತದೆ. ಅದು ರೋಗ ಅಲ್ಲ.

ಇಷ್ಟು ಮುಖ್ಯವಾದ ಬೀಜ ಹೊಟ್ಟೆಯೊಳಗೆ ಯಾಕಿಲ್ಲ? ಹೊರಗೆ ಯಾಕೆ ಜೋತುಬಿದ್ದಿದೆ? ಇದಕ್ಕೆ ಕಾರಣ ಇದೆ. ಮಗು ಹುಟ್ಟಲು ಬೇಕಾದ ವೀರ್ಯಾಣು ಬೀಜದಲ್ಲಿ ತಯಾರಾಗುತ್ತದೆ. ಮೈಯ ಬಿಸಿ ಅದಕ್ಕೆ ಹೆಚ್ಚಾಗುತ್ತದೆ. 2–3 ಡಿಗ್ರಿ ತಂಪು ಬೇಕು. ಅದಕ್ಕೇ ಬೀಜ ಹೊರಗಿದೆ. ಚಳಿಯಾದಾಗ ಚೀಲ ಮುದುಡಿ ಮೈಗೆ ಹತ್ತಿರ ಬರುತ್ತದೆ. ಸೆಕೆಯಾದಾಗ ಸಡಿಲವಾಗಿ ಇಳಿಯುತ್ತದೆ. ಬಿಸಿ ತಂಪು ನೋಡಿಕೊಳ್ಳುವ ಕೆಲಸ ದೇಹ ತಾನೇ ಮಾಡುತ್ತದೆ.

ಒಳಗಿರುವ ಭಾಗಗಳು

ಬೀಜದಿಂದ ಒಂದೊಂದು ಸಣ್ಣ ನಾಳ ಹೊಟ್ಟೆಯೊಳಗೆ ಹೋಗುತ್ತದೆ. ವೀರ್ಯಾಣು ಸಾಗುವ ದಾರಿ ಅದು. ಗಂಡಸರ ಸಂತಾನ ನಿಲ್ಲಿಸುವ ಆಪರೇಷನ್‌ನಲ್ಲಿ ಮುಚ್ಚುವುದು ಈ ನಾಳವನ್ನೇ. ಬೀಜವನ್ನು ಮುಟ್ಟುವುದಿಲ್ಲ. ಆದ್ದರಿಂದ ಗಂಡಸುತನ, ಶಕ್ತಿ ಯಾವುದೂ ಕಡಿಮೆಯಾಗುವುದಿಲ್ಲ.

ಮೂತ್ರಚೀಲದ ಕೆಳಗೆ ಒಂದು ಗ್ರಂಥಿ ಇದೆ. ಪ್ರಾಸ್ಟೇಟ್ ಅಂತ ಅದರ ಹೆಸರು. ಗಾತ್ರ ಒಂದು ಅಡಿಕೆಕಾಯಿಯಷ್ಟು. ವೀರ್ಯದ ನೀರಿನ ಒಂದು ಭಾಗ ಇಲ್ಲಿ ತಯಾರಾಗುತ್ತದೆ. 50 ವರ್ಷ ದಾಟಿದ ಮೇಲೆ ಬಹಳ ಗಂಡಸರಲ್ಲಿ ಇದು ದಪ್ಪವಾಗುತ್ತದೆ. ಆಗ ಉಚ್ಚೆಯ ದಾರಿ ಇಕ್ಕಟ್ಟಾಗುತ್ತದೆ. ಮಾವನವರು ರಾತ್ರಿ ನಾಲ್ಕೈದು ಸಲ ಏಳುತ್ತಾರೆಯೇ? ನಿಂತರೂ ಉಚ್ಚೆ ಸರಿಯಾಗಿ ಬರುವುದಿಲ್ಲವೇ? "ವಯಸ್ಸಾಯ್ತು" ಅಂತ ಬಿಡಬೇಡಿ. ಇದಕ್ಕೆ ಔಷಧಿ ಇದೆ.

ಎಳೆ ಮಗುವಿನ ಸ್ನಾನ

ಈಗ ನಮ್ಮ ಬಚ್ಚಲಮನೆಗೆ ಬರೋಣ.

ಎಳೆ ಮಗುವಿಗೆ ಎಣ್ಣೆನೀರು ಹಾಕುವಾಗ ಕೆಲವು ಮನೆಗಳಲ್ಲಿ ಒಂದು ರೂಢಿ ಇದೆ. ಗಂಡುಮಗುವಿನ ಮುಂದೊಗಲಿನ ತುದಿಗೆ ಎಣ್ಣೆ ಬಿಡುತ್ತಾರೆ. ಆಮೇಲೆ ಚರ್ಮವನ್ನು ಹಿಂದಕ್ಕೆ ಎಳೆಯುತ್ತಾರೆ. "ಈಗ ಎಳೆಯದಿದ್ದರೆ ಮುಂದೆ ಬಿಡಿಸಿಕೊಳ್ಳೋದಿಲ್ಲ" ಅಂತಾರೆ ಅಜ್ಜಿಯಂದಿರು. ಅವರ ಪ್ರೀತಿಗೆ ಕೊರತೆ ಇಲ್ಲ. ಆದರೆ ಈ ರೂಢಿ ಒಳ್ಳೆಯದಲ್ಲ.

ಹುಟ್ಟಿದ ಮಗುವಿನಲ್ಲಿ ಮುಂದೊಗಲು ತುದಿಗೆ ಅಂಟಿಕೊಂಡೇ ಇರುತ್ತದೆ. ಉಗುರು ಬೆರಳಿಗೆ ಅಂಟಿದ ಹಾಗೆ. ಮಗು ಬೆಳೆದಂತೆ ಅದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹಲವರಲ್ಲಿ 3–5 ವರ್ಷಕ್ಕೆ ಬಿಡುತ್ತದೆ. ಕೆಲವರಲ್ಲಿ ಇನ್ನೂ ತಡ. ಮೀಸೆ ಚಿಗುರುವ ವಯಸ್ಸಿನವರೆಗೂ ತೆಗೆದುಕೊಳ್ಳಬಹುದು. ಬಲವಂತದಿಂದ ಎಳೆದರೆ ಚರ್ಮ ಹರಿಯುತ್ತದೆ. ರಕ್ತ ಬರುತ್ತದೆ. ಆ ಗಾಯ ಮಾಗಿದಾಗ ಚರ್ಮ ಗಟ್ಟಿಯಾಗಿ ಬಿಗಿಯುತ್ತದೆ. ಮುಂದೆ ನಿಜವಾಗಿಯೂ ಬಿಡಿಸಿಕೊಳ್ಳುವುದಿಲ್ಲ. ಯಾವುದಕ್ಕೆ ಹೆದರಿ ಎಳೆದೆವೋ ಅದೇ ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ಉಗುರು ಬೆಚ್ಚನೆ ನೀರಿನಲ್ಲಿ ಹೊರಗಡೆ ಮಾತ್ರ ತೊಳೆಯಿರಿ. ಚೀಲದ ಕೆಳಗೆ, ತೊಡೆಯ ಸಂದಿನಲ್ಲಿ ತೊಳೆಯಿರಿ. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಅಷ್ಟು ಸಾಕು. ಕಡಲೆಹಿಟ್ಟು, ಸೀಗೆಪುಡಿ, ಡೆಟಾಲ್ ಅಲ್ಲಿಗೆ ಬೇಡ.

ಸ್ನಾನದ ಹೊತ್ತಿನಲ್ಲಿ ನೋಡಬೇಕಾದದ್ದು

ಮಗುವಿನ ಮೈ ಬೆಚ್ಚಗಿರುವಾಗ ಈ ಮೂರು ವಿಷಯ ಗಮನಿಸಿ.

ಒಂದು: ಚೀಲದಲ್ಲಿ ಎರಡು ಬೀಜ ಇವೆಯೇ? ಮಗು ಹೊಟ್ಟೆಯಲ್ಲಿರುವಾಗ ಅದರ ಬೀಜಗಳೂ ಅದರ ಹೊಟ್ಟೆಯೊಳಗೇ ಇರುತ್ತವೆ. ಹುಟ್ಟುವ ಮುಂಚೆ ಕೆಳಗೆ ಇಳಿಯುತ್ತವೆ. ಕೆಲವು ಮಕ್ಕಳಲ್ಲಿ ಒಂದು ಬೀಜ ಇಳಿಯದೆ ಮೇಲೇ ಉಳಿಯುತ್ತದೆ. 6 ತಿಂಗಳವರೆಗೆ ಕಾಯಬಹುದು. ಆಮೇಲೂ ಸಿಗದಿದ್ದರೆ ಡಾಕ್ಟರಿಗೆ ತೋರಿಸಿ. ಸಣ್ಣ ಆಪರೇಷನ್ ಮಾಡಿ ಬೀಜವನ್ನು ಚೀಲಕ್ಕೆ ಇಳಿಸುತ್ತಾರೆ. 1 ವರ್ಷದೊಳಗೆ, ತಡವಾದರೆ ಒಂದೂವರೆ ವರ್ಷದೊಳಗೆ ಆದರೆ ಒಳ್ಳೆಯದು. ಹೊಟ್ಟೆಯ ಬಿಸಿಯಲ್ಲಿ ಉಳಿದ ಬೀಜ ಕೆಡುತ್ತಾ ಹೋಗುತ್ತದೆ. ಮದುವೆ ವಯಸ್ಸಿನಲ್ಲಿ ಗೊತ್ತಾದರೆ ಏನು ಬಂತು?

ಎರಡು: ಉಚ್ಚೆಯ ತೂತು ತುದಿಯಲ್ಲೇ ಇದೆಯೇ? ಕೆಲವು ಮಕ್ಕಳಲ್ಲಿ ಅದು ಕೆಳಭಾಗದಲ್ಲಿ ಇರುತ್ತದೆ. ಉಚ್ಚೆ ಕಾಲಿನ ಮೇಲೆ ಬೀಳುತ್ತದೆ. ಇದು ಯಾರ ಪಾಪವೂ ಅಲ್ಲ, ಗ್ರಹಣದ ದೋಷವೂ ಅಲ್ಲ. ಆಪರೇಷನ್‌ನಿಂದ ಸರಿಮಾಡುತ್ತಾರೆ. ಆಗ ಮುಂದೊಗಲಿನ ಚರ್ಮವೇ ಬೇಕಾಗಬಹುದು. ಆದ್ದರಿಂದ ಸುನ್ನತಿ ಮಾಡಿಸುವ ಮನೆಯವರು ಇದನ್ನು ಮೊದಲು ನೋಡಬೇಕು. ತೂತು ಕೆಳಗಿದ್ದರೆ ಸುನ್ನತಿ ನಿಲ್ಲಿಸಿ, ಡಾಕ್ಟರನ್ನು ಕೇಳಬೇಕು. ಸುನ್ನತಿಯನ್ನು ಆಸ್ಪತ್ರೆಯಲ್ಲಿ, ಕುದಿಸಿ ಶುದ್ಧಮಾಡಿದ ಸಲಕರಣೆಯಿಂದ ಮಾಡಿಸಿದರೆ ಅಪಾಯ ಕಡಿಮೆ.

ಮೂರು: ಊತ ಇದೆಯೇ? ಎಳೆ ಮಕ್ಕಳ ಚೀಲದಲ್ಲಿ ನೀರು ತುಂಬಿರಬಹುದು. ನೋವಿಲ್ಲದ ಇಂಥ ಊತ ಹೆಚ್ಚಾಗಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಆದರೂ ಒಮ್ಮೆ ತೋರಿಸಿ. ಮಗು ಅತ್ತಾಗ, ಮುಕ್ಕಿದಾಗ ತೊಡೆಯ ಸಂದಿನಲ್ಲಿ ಉಬ್ಬು ಕಾಣುತ್ತದೆಯೇ? ಅದು ಹರ್ನಿಯಾ. ಹೊಟ್ಟೆಯ ಕರುಳು ಜಾರಿ ಕೆಳಗೆ ಬಂದಿರುತ್ತದೆ. ಇದಕ್ಕೆ ಆಪರೇಷನ್ ಬೇಕು. ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಮಗು ವಾಂತಿ ಮಾಡಿಕೊಂಡು ಒಂದೇ ಸಮ ಅತ್ತರೆ, ಕೂಡಲೇ ಆಸ್ಪತ್ರೆಗೆ ಹೋಗಿ. ದಾರ ಕಟ್ಟುವುದು, ಬರೆ ಹಾಕಿಸುವುದು ಮಾಡಬೇಡಿ.

ಬೆಳೆದ ಹುಡುಗನಿಗೆ ಕಲಿಸುವುದು

ಹುಡುಗ ತಾನೇ ಸ್ನಾನ ಮಾಡಲು ಕಲಿತ ಮೇಲೆ ತೊಳೆಯುವುದನ್ನೂ ಕಲಿಯಬೇಕು. ಅಪ್ಪನೋ ಅಣ್ಣನೋ ಹೇಳಿಕೊಟ್ಟರೆ ಸರಿ. ಅವರು ಹೇಳದಿದ್ದರೆ ನಾವೇ ಹೇಳೋಣ.

ಚರ್ಮ ಸಲೀಸಾಗಿ ಹಿಂದೆ ಸರಿಯುವ ವಯಸ್ಸಿನಲ್ಲಿ ಹೀಗೆ ಮಾಡಬೇಕು. ಸ್ನಾನದ ಹೊತ್ತಿನಲ್ಲಿ ಚರ್ಮವನ್ನು ಮೆಲ್ಲಗೆ ಹಿಂದೆ ಸರಿಸಬೇಕು. ನೀರಿನಿಂದ ತೊಳೆಯಬೇಕು. ಒರೆಸಬೇಕು. ಮತ್ತೆ ಮುಂದಕ್ಕೆ ತರಬೇಕು. ಈ ಕೊನೆಯ ಮಾತು ಮರೆಯಬಾರದು. ಹಿಂದೆಯೇ ಬಿಟ್ಟರೆ ಚರ್ಮ ದಾರ ಕಟ್ಟಿದ ಹಾಗೆ ಬಿಗಿಯಬಹುದು. ತುದಿ ಊದಿಕೊಳ್ಳುತ್ತದೆ. ಚರ್ಮ ಹಿಂದೆ ಸಿಕ್ಕಿಹಾಕಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಚರ್ಮದ ಒಳಗೆ ಬೆಳ್ಳಗೆ ಗಿಣ್ಣಿನಂಥ ವಸ್ತು ಕಾಣಬಹುದು. ಅದು ಕೀವು ಅಲ್ಲ. ಹಳೆ ಚರ್ಮ, ಜಿಡ್ಡು ಸೇರಿ ಆಗುವಂಥದ್ದು. ತೊಳೆಯದೆ ಬಿಟ್ಟರೆ ವಾಸನೆ ಬರುತ್ತದೆ, ಕೆರೆತ ಆಗುತ್ತದೆ. ದಿನಾ ನೀರು ಹಾಕಿದರೆ ಸಾಕು.

ಉಚ್ಚೆ ಹೊಯ್ಯುವಾಗ ಮುಂದೊಗಲು ಬಲೂನಿನಂತೆ ಉಬ್ಬಿ ಹುಡುಗ ಅಳುತ್ತಾನೆಯೇ? ಧಾರೆ ದಾರದಷ್ಟು ಸಣ್ಣಗಿದೆಯೇ? ತುದಿ ಕೆಂಪಾಗಿ ಊದುತ್ತದೆಯೇ? ಡಾಕ್ಟರಿಗೆ ತೋರಿಸಿ. ಕೆಲವೊಮ್ಮೆ ಅವರು ಕೊಡುವ ಮುಲಾಮಿನಿಂದಲೇ ವಾಸಿಯಾಗುತ್ತದೆ.

ತೊಳೆಯುವುದನ್ನು ಕಲಿಸುವಾಗಲೇ ಇನ್ನೊಂದು ಮಾತು ಹೇಳಿಕೊಡಿ. "ಈ ಜಾಗ ನಿನ್ನದು. ಬೇರೆ ಯಾರೂ ಮುಟ್ಟಬಾರದು. ಮುಟ್ಟಿದರೆ, ಯಾರೇ ಆಗಲಿ, ನನಗೆ ಹೇಳು. ನಾನು ಬಯ್ಯೋದಿಲ್ಲ." ಹೆಣ್ಣುಮಕ್ಕಳಿಗೆ ಹೇಳುತ್ತೇವೆ. ಗಂಡುಮಕ್ಕಳಿಗೂ ಹೇಳಬೇಕು. ಮಕ್ಕಳ ಸಹಾಯವಾಣಿ 1098.

ಆರು ಗಂಟೆಯ ಮಾತು

ಇದನ್ನು ಎರಡು ಸಲ ಓದಿ. ಪಕ್ಕದ ಮನೆಯವರಿಗೂ ಓದಿ ಹೇಳಿ.

ಬೀಜ ಒಂದು ಬಳ್ಳಿಯಿಂದ ಜೋತುಬಿದ್ದಿರುತ್ತದೆ. ರಕ್ತ ಬರುವುದು ಆ ಬಳ್ಳಿಯಿಂದ. ಒಮ್ಮೊಮ್ಮೆ ಬೀಜ ತಿರುಗಿ ಬಳ್ಳಿ ಹುರಿಗೊಳ್ಳುತ್ತದೆ. ಬಾವಿಯ ಹಗ್ಗ ಸುತ್ತಿಕೊಂಡ ಹಾಗೆ. ಆಗ ರಕ್ತ ನಿಂತುಹೋಗುತ್ತದೆ. ಯಾವ ವಯಸ್ಸಿನಲ್ಲೂ ಆಗಬಹುದು. 12ರಿಂದ 18 ವರ್ಷದ ಹುಡುಗರಲ್ಲಿ ಹೆಚ್ಚು. ಪೆಟ್ಟು ಬಿದ್ದೇ ಆಗಬೇಕೆಂದಿಲ್ಲ. ಮಲಗಿದ್ದಾಗಲೂ ಆಗುತ್ತದೆ.

ಲಕ್ಷಣ ಏನು? ಇದ್ದಕ್ಕಿದ್ದ ಹಾಗೆ ಜೋರು ನೋವು. ಒಂದು ಕಡೆ ಬೀಜ ಊದಿ ಮೇಲೆ ಏರಿದ ಹಾಗೆ ಕಾಣುತ್ತದೆ. ವಾಂತಿ ಬರುತ್ತದೆ. ಹುಡುಗ ನಾಚಿಕೆಯಿಂದ "ಹೊಟ್ಟೆ ನೋವು" ಅಂತ ಮಾತ್ರ ಹೇಳಬಹುದು. ನಾವು ಓಮ, ಜೀರಿಗೆ ಕಷಾಯ ಕೊಟ್ಟು ಮಲಗಿಸುತ್ತೇವೆ. ಬೆಳಗಾಗುವಷ್ಟರಲ್ಲಿ ಬೀಜ ಸತ್ತಿರುತ್ತದೆ.

6 ಗಂಟೆಯೊಳಗೆ ಆಪರೇಷನ್ ಆದರೆ ಬೀಜ ಹೆಚ್ಚಾಗಿ ಉಳಿಯುತ್ತದೆ. ತಡವಾದಷ್ಟೂ ಉಳಿಯುವ ಆಸೆ ಕಡಿಮೆ. ಆದ್ದರಿಂದ ದೊಡ್ಡ ಹುಡುಗ ಹೊಟ್ಟೆ ಹಿಡಿದುಕೊಂಡು ಒದ್ದಾಡಿದರೆ ಒಂದು ಪ್ರಶ್ನೆ ಕೇಳಿ. "ಕೆಳಗೆ ನೋವಿದೆಯಾ ಮಗಾ? ನಾಚಿಕೆ ಬೇಡ, ಹೇಳು." ಹೌದು ಅಂದರೆ ರಾತ್ರಿಯಾದರೂ ಹೊರಡಿ. 108ಕ್ಕೆ ಫೋನ್ ಮಾಡಿ. ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೇ ಹೋಗಿ. ಎಣ್ಣೆ ತಿಕ್ಕುತ್ತಾ, ಕಾವು ಕೊಡುತ್ತಾ ಹೊತ್ತು ಕಳೆಯಬೇಡಿ.

ಇನ್ನೊಂದು ಕಾಯಿಲೆ ಮಂಗನಬಾವು. ಪ್ರಾಯಕ್ಕೆ ಬಂದ ಹುಡುಗರಿಗೆ ಮಂಗನಬಾವು ಬಂದರೆ ಕೆಲವರಲ್ಲಿ ಬೀಜವೂ ಊದುತ್ತದೆ. ಆಗಲೂ ಡಾಕ್ಟರಿಗೆ ತೋರಿಸಬೇಕು.

ಗೋಡೆಯ ಮೇಲಿನ ಸುಳ್ಳು

ಹುಡುಗ ಪ್ರಾಯಕ್ಕೆ ಬಂದಾಗ ದನಿ ಒಡೆಯುತ್ತದೆ. ಮೀಸೆ ಚಿಗುರುತ್ತದೆ. ಬೀಜ ದೊಡ್ಡದಾಗುತ್ತದೆ. ವೀರ್ಯ ತಯಾರಾಗುತ್ತದೆ. ನಿದ್ದೆಯಲ್ಲಿ ಅದು ತಾನಾಗಿ ಹೊರಗೆ ಬರುವುದು ಉಂಟು. ಚಾದರ, ಚಡ್ಡಿ ಒದ್ದೆಯಾಗಿರುತ್ತದೆ. ಇದು ರೋಗ ಅಲ್ಲ. ಹುಡುಗಿ ಮುಟ್ಟಾಗುವಂತೆ ಇದೂ ಬೆಳವಣಿಗೆ. ಬಟ್ಟೆ ಒಗೆಯುವಾಗ ಕಂಡರೆ ಬಯ್ಯಬೇಡಿ, ಗೇಲಿ ಮಾಡಬೇಡಿ.

"ನೂರು ತೊಟ್ಟು ರಕ್ತಕ್ಕೆ ಒಂದು ತೊಟ್ಟು ವೀರ್ಯ" ಅಂತ ಜನ ಹೇಳುತ್ತಾರೆ. ಅದು ನಿಜವಲ್ಲ. ವೀರ್ಯ ರಕ್ತದಿಂದ ಆಗುವುದಿಲ್ಲ. ಒಂದು ಸಲ ಬರುವುದು ಸಾಮಾನ್ಯವಾಗಿ ಸುಮಾರು ಒಂದು ಚಹಾ ಚಮಚದಷ್ಟು. ಅದು ಹೋದರೆ ನಿಶ್ಶಕ್ತಿ ಬರುವುದಿಲ್ಲ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ "ಗುಪ್ತರೋಗ, ನರದೌರ್ಬಲ್ಯ" ಅಂತ ಬರೆದಿರುತ್ತದೆ, ನೋಡಿದ್ದೀರಲ್ಲ? ಹೆದರಿದ ಹುಡುಗರೇ ಅವರ ಗಿರಾಕಿಗಳು. ಕೂಲಿ ದುಡ್ಡು ಅಲ್ಲಿ ಕಳೆಯುವುದು ಬೇಡ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ನಲ್ಲಿ ಹರೆಯದವರಿಗೆ ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ.

ಗಂಡನ ಶುಚಿ, ನಮ್ಮ ಆರೋಗ್ಯ

ಹೊಲದಲ್ಲಿ, ಭಟ್ಟಿಯಲ್ಲಿ, ಲಾರಿಯಲ್ಲಿ ದುಡಿಯುವವರಿಗೆ ಬೆವರು ಜಾಸ್ತಿ. ತೊಡೆಸಂದಿನಲ್ಲಿ ಗಜಕರ್ಣ ಬರುತ್ತದೆ. ದಿನಾ ತೊಳೆದು, ಒಣಗಿಸಿ, ಒಗೆದ ಹತ್ತಿಯ ಒಳಚಡ್ಡಿ ಹಾಕಬೇಕು. ಒಳಬಟ್ಟೆಯನ್ನು ಬಿಸಿಲಿನಲ್ಲಿ ಒಣಗಿಸಿ. ಒಬ್ಬರ ಟವೆಲ್ ಇನ್ನೊಬ್ಬರು ಬಳಸಬೇಡಿ. ಅಂಗಡಿಯಲ್ಲಿ ಕೇಳಿ ತಂದ ಮುಲಾಮಿನಲ್ಲಿ ಸ್ಟಿರಾಯ್ಡ್ ಇರಬಹುದು. ಹಚ್ಚಿದಾಗ ಕಡಿತ ನಿಲ್ಲುತ್ತದೆ, ಆಮೇಲೆ ಗಜಕರ್ಣ ಇನ್ನೂ ಹರಡುತ್ತದೆ.

ಮುಂದೊಗಲು ಮತ್ತೆ ಮತ್ತೆ ಕೆಂಪಾಗಿ, ಬಿರುಕು ಬಿಟ್ಟು, ತುರಿಸುತ್ತಿದ್ದರೆ ಸಕ್ಕರೆ ಕಾಯಿಲೆ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ.

ಹುಣ್ಣು, ಕೀವು, ಉಚ್ಚೆ ಹೊಯ್ಯುವಾಗ ಉರಿ ಇದ್ದರೆ ಅದು ಅಂಟುವ ರೋಗ ಇರಬಹುದು. ಒಬ್ಬರೇ ಮಾತ್ರೆ ನುಂಗಿದರೆ ಸಾಲದು. ಗಂಡ ಹೆಂಡತಿ ಇಬ್ಬರೂ ತೋರಿಸಿಕೊಳ್ಳಬೇಕು. ವಾಸಿಯಾಗುವ ತನಕ ಕೂಡಬಾರದು. ಇಂಥ ರೋಗ ತಡೆಯಲು ನಿರೋಧ್ ಸಹಾಯ ಮಾಡುತ್ತದೆ.

ನೋವಿಲ್ಲದ ಗಡ್ಡೆ, ಕೆಲವು ವಾರವಾದರೂ ಮಾಗದ ಹುಣ್ಣು ಕಂಡರೆ ಬಿಡಬೇಡಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರಬಹುದು. ಬೇಗ ಕಂಡುಹಿಡಿದರೆ ಚಿಕಿತ್ಸೆ ಸುಲಭ.

ಕರಾವಳಿಯಲ್ಲಿ, ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗ ಕಂಡುಬಂದಿದೆ. ಅದು ಸೊಳ್ಳೆಯಿಂದ ಹರಡುತ್ತದೆ. ಅದರಿಂದ ಬೀಜದ ಚೀಲದಲ್ಲಿ ನೀರು ತುಂಬಬಹುದು. ಪಂಚೆಯೊಳಗೆ ಮುಚ್ಚಿಟ್ಟುಕೊಂಡು ಓಡಾಡುವ ಗಂಡಸರು ಎಷ್ಟೋ ಜನ. ಆಪರೇಷನ್‌ನಿಂದ ಇದು ವಾಸಿಯಾಗುತ್ತದೆ.

ತಪ್ಪು ಯಾರದು?

"ಹೆಣ್ಣೇ ಹೆತ್ತಳು" ಅಂತ ಸೊಸೆಯನ್ನು ಬಯ್ಯುತ್ತಾರೆ. ವಿಜ್ಞಾನ ಏನು ಹೇಳುತ್ತದೆ ನೋಡಿ. ವೀರ್ಯಾಣುವಿನಲ್ಲಿ ಎರಡು ಬಗೆ. ಒಂದು ಎಕ್ಸ್, ಒಂದು ವೈ. ಹೆಣ್ಣಿನ ಅಂಡದಲ್ಲಿ ಇರುವುದು ಎಕ್ಸ್ ಮಾತ್ರ. ಗಂಡಸಿನ ಎಕ್ಸ್ ಬಂದು ಕೂಡಿದರೆ ಹೆಣ್ಣು. ವೈ ಬಂದು ಕೂಡಿದರೆ ಗಂಡು. ಯಾವುದು ಬರುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಗಂಡಸಿನ ತಪ್ಪೂ ಅಲ್ಲ. ಹೆಂಗಸಿನ ತಪ್ಪಂತೂ ಅಲ್ಲವೇ ಅಲ್ಲ.

ಮಕ್ಕಳಾಗದಿದ್ದರೂ ಹಾಗೆಯೇ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನಲ್ಲೂ ಕಾರಣ ಇರುತ್ತದೆ. ಹೆಂಗಸಿಗೆ ಹತ್ತು ಪರೀಕ್ಷೆ ಮಾಡಿಸುವ ಮೊದಲು ಗಂಡಸಿನ ವೀರ್ಯ ಪರೀಕ್ಷೆ ಮಾಡಿಸಬೇಕು. ಅದು ಸುಲಭ. ಸೂಜಿ ಇಲ್ಲ, ನೋವಿಲ್ಲ.

ಮಕ್ಕಳು ಸಾಕು ಅಂದಾಗ ಆಪರೇಷನ್‌ಗೆ ಹೋಗುವವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರೇ. ಗಂಡಸರ ಆಪರೇಷನ್ ಅದಕ್ಕಿಂತ ಸಣ್ಣದು. ಹೊಲಿಗೆ ಇಲ್ಲದ ವಿಧಾನ ಇದೆ. ಅರ್ಧ ಗಂಟೆಯೂ ಬೇಕಿಲ್ಲ. ಅದೇ ದಿನ ಮನೆಗೆ ಬರಬಹುದು. ಆಮೇಲೆ 3 ತಿಂಗಳು ನಿರೋಧ್ ಬಳಸಬೇಕು. ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲ ಅಂತ ಗೊತ್ತಾದ ಮೇಲೆ ನಿಲ್ಲಿಸಬಹುದು. ಈ ಮಾತನ್ನು ಮನೆಯಲ್ಲಿ ಓದಿ ಹೇಳಿ. ತೀರ್ಮಾನ ಇಬ್ಬರೂ ಕೂತು ಮಾಡಿ.

ನೆನಪಿಡಿ

– ಎಳೆ ಮಗುವಿನ ಮುಂದೊಗಲು ಎಳೆಯಬಾರದು.
– 6 ತಿಂಗಳಾದರೂ ಎರಡು ಬೀಜ ಸಿಗದಿದ್ದರೆ ಡಾಕ್ಟರಿಗೆ ತೋರಿಸಬೇಕು.
– ಬೀಜದಲ್ಲಿ ಜೋರು ನೋವು ಬಂದರೆ 6 ಗಂಟೆಯೊಳಗೆ ಚಿಕಿತ್ಸೆ ಆಗಬೇಕು.
– ದಿನಾ ನೀರು, ಒಣ ಬಟ್ಟೆ. ಇದೇ ಶುಚಿ.
– ಅಂಟುವ ರೋಗಕ್ಕೆ ಇಬ್ಬರಿಗೂ ಚಿಕಿತ್ಸೆ.

ಕೂತು ಮಾತಾಡಿ

1. ನಿಮ್ಮ ಊರಿನಲ್ಲಿ ಎಳೆ ಮಗುವಿಗೆ ಹೇಗೆ ಸ್ನಾನ ಮಾಡಿಸುತ್ತಾರೆ? ಅದರಲ್ಲಿ ಯಾವುದು ಒಳ್ಳೆಯದು? ಯಾವುದನ್ನು ಬಿಡಬೇಕು?
2. ನಿಮ್ಮ ಊರಿನಿಂದ ಆಪರೇಷನ್ ಮಾಡುವ ಆಸ್ಪತ್ರೆ ಎಷ್ಟು ದೂರ? ರಾತ್ರಿ ಹೋಗುವುದು ಹೇಗೆ?
3. ನಿಮ್ಮ ಮಗ ಈ ಜಾಗದ ನೋವನ್ನು ನಿಮಗೆ ಹೇಳುತ್ತಾನೆಯೇ? ಹೇಳುವಂತೆ ಮಾಡಲು ನೀವೇನು ಮಾಡುತ್ತೀರಿ?

ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹೆಸರನ್ನೂ ಫೋನ್ ನಂಬರನ್ನೂ ಈ ಪುಟದ ಕೆಳಗೆ ನಿಮ್ಮ ಕೈಯಿಂದಲೇ ಬರೆದುಕೊಳ್ಳಿ.